ಕಾಯಲಿ ಬಿಡು, ಅಕ್ಕಾ

ನನ್ನ ಗೆಳೆಯ ತೀರಿಕೊಂಡ ಬೆಳಿಗ್ಗೆಯೂ ಅವನ ಕಂಪ್ಯೂಟರ್ ರಿಪೇರಿ ಅಂಗಡಿಯ ಮುಂದೆ ಜನ ಕಾಯುತ್ತಿದ್ದರು. ಒಬ್ಬರು ಕೀಬೋರ್ಡನ್ನು ಕೂಸಿನಂತೆ ಕಂಕುಳಲ್ಲಿ ಇರುಕಿಕೊಂಡಿದ್ದರು. ಹೃದಯಾಘಾತವಾಯಿತು, ಹೋಗಿಬಿಟ್ಟ ಎಂದು ನಾನು ಹೇಳಿದರೆ ಅವರು ನಂಬಲಿಲ್ಲ.

"ಹೋದ ಸಲ ಅವರ ಸೋದರತ್ತೆಗೂ ಹೀಗೇ ಆಯ್ತು ಅಂತ ಅಂಗಡಿ ತೆಗೆದಿರಲಿಲ್ಲ" ಎಂದರು. "ಆಮೇಲೆ ಆಯಮ್ಮನೇ ರೇಡಿಯೋ ರಿಪೇರಿಗೆ ತಗೊಂಡು ಬಂದಿದ್ದರು."

ಬೀದಿಯಲ್ಲಿ ಅವನ ಹೆಸರು 'ಬಂದೆ'. ಯಾರು ಫೋನ್ ಮಾಡಿದರೂ, ಬಚ್ಚಲಿನಲ್ಲಿದ್ದರೂ, "ಬಂದೆ, ಬಂದೆ" ಎನ್ನುತ್ತಿದ್ದ. ಇನ್ನೂ ಹೊರಡದವನು ಬಂದಾಯಿತು ಎನ್ನಲು ನಮ್ಮ ಮಾತು ಕೊಟ್ಟಿರುವ ಸೌಲಭ್ಯವನ್ನು ಅವನಷ್ಟು ಧಾರಾಳವಾಗಿ ಬಳಸಿಕೊಂಡವರನ್ನು ನಾನು ಕಾಣೆ. ಬಂದ ಮೇಲೆ ಮಾತ್ರ ಬೇಗ ಹೋಗುತ್ತಿರಲಿಲ್ಲ. ಒಂದು ಸ್ಕ್ರೂ ಬಿಗಿ ಮಾಡಲು ಬಂದವನು ಮನೆಯ ನಲ್ಲಿ, ಗೋಡೆ ಗಡಿಯಾರ, ಮಕ್ಕಳ ಸೈಕಲ್ ಎಲ್ಲವನ್ನೂ ರಿಪೇರಿ ಮಾಡುತ್ತಿದ್ದ. ಅವುಗಳಲ್ಲಿ ಕೆಲವು ಅವನು ಬರುವವರೆಗೂ ಚೆನ್ನಾಗಿಯೇ ಇದ್ದವು.

ಅವನ ಅಕ್ಕನ ಕಂಪ್ಯೂಟರಿನ ಕಥೆ ಬಿಟ್ಟು ಅವನ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಕೂತು ಮುದ್ರಣಾಲಯಗಳಿಗೆ ಪುಸ್ತಕದ ಪುಟ ಜೋಡಿಸಿಕೊಡುತ್ತಾಳೆ. ಅದೇ ಕೋಣೆಯ ಮೂಲೆಯಲ್ಲಿ ನಾನು ಕರಡು ತಿದ್ದುತ್ತೇನೆ. ಆ ಯಂತ್ರವನ್ನು ಕಟ್ಟಿಕೊಟ್ಟವನು ಇವನೇ. ಬಂದ ಹೊಸತರಲ್ಲೇ ಅದರ ಪ್ರೊಸೆಸರ್, ಅಂದರೆ ಮಿದುಳು, ಸುಟ್ಟಿತು. ಇನ್ನೊಂದು ಹಾಕಿದ. ಅದೂ ಸುಟ್ಟಿತು. ಮನೆಯ ಕರೆಂಟು ನೆಟ್ಟಗಿಲ್ಲ ಎಂದು ಸ್ಟೆಬಿಲೈಸರ್ ತಂದ. ಪವರ್ ಸಪ್ಲೈ ಬದಲಾಯಿಸಿದ. ಮೂರನೆಯದೂ ಸುಟ್ಟಾಗ ಮದರ್‌ಬೋರ್ಡನ್ನೇ ಕಿತ್ತು ಬೇರೆ ಕೂರಿಸಿದ. ಅಂಗಡಿಯ ಮೇಜಿನ ಮೇಲೆ ದಿನವಿಡೀ ಓಡಿಸಿದರೆ ಯಂತ್ರ ಗುಂಡುಕಲ್ಲು. ಅಕ್ಕನ ಮನೆಗೆ ಬಂದರೆ ಕಾಯಿಲೆ.

ಕೊನೆಗೆ ಅಕ್ಕನೂ ಸೋತಳು. "ನೋಡು, ಇದೇ ಕೊನೆ. ಇನ್ನೊಂದು ಸುಟ್ಟರೆ ದೊಡ್ಡ ರಸ್ತೆಯ ಷೋರೂಮಿಂದ ಹೊಸದು ತರ್ತೀನಿ. ತಮ್ಮ ಅನ್ನೋ ಮುಲಾಜಿಲ್ಲ."

"ತರುವಾಗ ಅವನ ಅಂಗಡಿ ಮುಂದೆಯೇ ಹಾದು ಬರೋಣ" ಎಂದರು ಭಾವ, ಉರಿಯುವ ಬೆಂಕಿಗೆ ತಮ್ಮ ಪಾಲಿನ ತುಪ್ಪ ಸುರಿಯುತ್ತಾ.

ಬಂದೆಯ ಮುಖ ಹುಳ್ಳಗಾಯಿತು. ಸ್ವಂತ ಅಕ್ಕನೇ ಬೇರೆ ಕಡೆ ಕೊಂಡಳು ಎಂದರೆ ಆ ಬೀದಿಯಲ್ಲಿ ಅವನ ಬಳಿ ಒಂದು ಮೌಸ್ ಕೊಳ್ಳುವವರೂ ಉಳಿಯುತ್ತಿರಲಿಲ್ಲ. ನಾಲ್ಕನೆಯ ಪ್ರೊಸೆಸರ್ ಕೂರಿಸಿ, "ಏನೇ ಆದರೂ ನನಗೆ ಫೋನ್ ಮಾಡು. ನೀನಾಗಿ ಏನೂ ಒತ್ತಬೇಡ" ಎಂದು ಹೇಳಿ ಹೋದ.

ಮಧ್ಯಾಹ್ನ ಪರದೆಯ ಮೇಲೆ, ಸ್ವಲ್ಪ ತಾಳಿ ಎನ್ನುವ ಮರಳು ಗಡಿಯಾರದ ಚಿತ್ರ ಬಂದು ನಿಂತಿತು. ಅಕ್ಕ ಫೋನ್ ಮಾಡಿದಳು. ಅವನ ದನಿ ನನ್ನ ಮೂಲೆಗೂ ಕೇಳಿಸುತ್ತಿತ್ತು.

"ಏನು ಮಾಡ್ತಿದೆ?"

"ಕಾಯ್ತಿದೆ ಕಣೋ."

"ಕಾಯಲಿ ಬಿಡು, ಅಕ್ಕಾ. ಅದರ ಕೆಲಸ ಅದು ಮುಗಿಸುತ್ತೆ."

"ತುಂಬಾ ಕಾಯ್ತಿದೆ."

"ನಿನಗೆ ತಾಳ್ಮೆ ಇಲ್ಲ. ನಾನು ಊರವರನ್ನೆಲ್ಲ ಕಾಯಿಸಲ್ವಾ? ಯಾರಾದರೂ ಸತ್ತಿದ್ದಾರಾ?"

"ಪ್ರತಿ ಸಲ ಕಾಯ್ತಿದೆ ಅಂದೆ ನಾನು, ಪ್ರತಿ ಸಲ ಕಾಯಲಿ ಅಂದೆ ನೀನು. ಪ್ರತಿ ಸಲ ಸತ್ತಿದೆ."

"ಬಂದೆ."

ಅವತ್ತು ನಿಜವಾಗಿಯೂ ಬಂದ. ಅಂಗಡಿಯ ಬಾಗಿಲನ್ನೂ ಎಳೆಯದೆ ಓಡಿ ಬಂದಿದ್ದ. ಪರದೆ ನೋಡಿ ನಿಟ್ಟುಸಿರು ಬಿಟ್ಟ. "ಇಷ್ಟಕ್ಕೇ ಗಾಬರಿಯಾ? ಫೈಲು ದೊಡ್ಡದು, ಅದಕ್ಕೆ ಕಾಯ್ತಿದೆ."

"ಯಾವುದಕ್ಕಾದರೂ ಆಗಲಿ. ಮುಟ್ಟಿ ನೋಡು."

"ಏನನ್ನ?"

"ಡಬ್ಬವನ್ನ. ಹಂಡೆ ಕಾದ ಹಾಗೆ ಕಾದಿದೆ."

ಅವನು ಡಬ್ಬದ ಪಕ್ಕಕ್ಕೆ ಅಂಗೈ ಇಟ್ಟು, ತಟ್ಟನೆ ತೆಗೆದ. "ನೀನು ಇಷ್ಟು ದಿನ ಹೇಳ್ತಿದ್ದ ಕಾಯೋದು ಈ ಕಾಯೋದಾ?"

"ಮತ್ತೆ ಇನ್ಯಾವುದು? ಅದೇನು ಬಸ್ಸಿಗೆ ಕಾಯುತ್ತಾ?"

ಪದ ತಿದ್ದುವುದೇ ಕಸುಬಾದ ನಾನು ಕರಡಿನಿಂದ ತಲೆಯೆತ್ತಿ ನಗತೊಡಗಿದೆ. ಅಕ್ಕ ತಮ್ಮ ಇಬ್ಬರೂ ಸೇರಿ ನನ್ನನ್ನು ಗದರಿದರು.

ಅವನು ವೈರು ಕಿತ್ತು ಡಬ್ಬ ಬಿಚ್ಚಿದ. ಅಷ್ಟೆಲ್ಲ ಬದಲಾಯಿಸಿದವನು, ಪ್ರೊಸೆಸರಿನ ಶಾಖ ಎಳೆದುಕೊಳ್ಳುವ ಲೋಹದ ಗಟ್ಟಿಯನ್ನೂ ಅದರ ಮೇಲಿನ ಫ್ಯಾನನ್ನೂ ಮಾತ್ರ ಪ್ರತಿ ಸಲ ಕಳಚಿ, ಅವನ್ನೇ ತಿರುಗಿ ಕೂರಿಸಿದ್ದ. ತಿರುಗುತ್ತಿದೆಯಲ್ಲ, ಇನ್ನೇನು ಬೇಕು ಎಂಬುದು ಅವನ ವಾದ. ಆ ಗಟ್ಟಿಯ ನಾಲ್ಕು ಕಾಲುಗಳಲ್ಲಿ ಒಂದರ ಕೊಂಡಿ ಮುರಿದಿತ್ತು. ಅಂಗಡಿಯಲ್ಲಿ ಅವನು ಡಬ್ಬವನ್ನು ಮೇಜಿನ ಮೇಲೆ ಮಲಗಿಸಿ ಪರೀಕ್ಷಿಸುತ್ತಿದ್ದ. ಆಗ ಗಟ್ಟಿ ತನ್ನ ಭಾರಕ್ಕೆ ಪ್ರೊಸೆಸರಿಗೆ ಅಂಟಿ ಕೂರುತ್ತಿತ್ತು. ಇಲ್ಲಿ ಡಬ್ಬವನ್ನು ನೆಟ್ಟಗೆ ನಿಲ್ಲಿಸಿದರೆ, ಜೋತುಬಿದ್ದು ಕೂದಲೆಳೆಯಷ್ಟು ಸರಿಯುತ್ತಿತ್ತು. ಆ ಕಾಲದ ಪ್ರೊಸೆಸರುಗಳಿಗೆ ಮೈ ಕಾದರೆ ತಾವಾಗಿ ನಿಲ್ಲಬೇಕೆಂಬ ಬುದ್ಧಿಯಿರಲಿಲ್ಲ.

"ಮಲಗಿಸಿದರೆ ಆರೋಗ್ಯ, ಎಬ್ಬಿಸಿ ನಿಲ್ಲಿಸಿದರೆ ಜ್ವರ" ಎಂದಳು ಅಕ್ಕ. "ಥೇಟ್ ನಿಮ್ಮ ಭಾವ."

"ಕೇಳಿಸ್ತು" ಎಂದರು ಭಾವ, ಒಳಕೋಣೆಯಲ್ಲಿ ಮಲಗಿದ್ದಲ್ಲಿಂದಲೇ.

"ಹೊಸ ಫ್ಯಾನ್ ತರ್ತೀನಿ, ಅಲ್ಲಿವರೆಗೆ ಮಲಗಿರಲಿ" ಎಂದು ಬಂದೆ ಡಬ್ಬವನ್ನು ಮೇಜಿನ ಮೇಲೆ ಅಡ್ಡ ಮಲಗಿಸಿದ. ನಾಲ್ಕನೆಯ ಪ್ರೊಸೆಸರ್ ಬದುಕಿಕೊಂಡಿತು. ಷೋರೂಮಿನ ಮಾತು ಮತ್ತೆ ಬರಲಿಲ್ಲ. ಫ್ಯಾನೂ ಬರಲಿಲ್ಲ. ಅಕ್ಕ ಕೇಳಿದಾಗಲೆಲ್ಲ "ತಂದೆ, ತಂದೆ" ಎನ್ನುತ್ತಿದ್ದ. "ತಂದೆ ತೀರಿಕೊಂಡು ಎಷ್ಟೋ ವರ್ಷ ಆಯ್ತು, ನೀನು ಫ್ಯಾನ್ ತಾ" ಎನ್ನುತ್ತಿದ್ದಳು ಅವಳು. ವರ್ಷಗಳೇ ಉರುಳಿದವು. ಮುದಿಯಾದರೂ ಆ ಯಂತ್ರ ಇಂದಿಗೂ ಮಲಗಿಕೊಂಡೇ ದುಡಿಯುತ್ತಿದೆ. ಬೇರೆ ಕೊಳ್ಳುವ ಮಾತನ್ನು ಅಕ್ಕ ಎತ್ತುವುದಿಲ್ಲ.

ಅವನು ಹೋದ ಮೇಲೆ ಅವಳು ಮೊದಲ ಸಲ ಕೆಲಸಕ್ಕೆ ಕೂತ ದಿನ ನಾನೂ ಹೋಗಿದ್ದೆ. ಪುಟ ತೆರೆಯುವಾಗ ಮರಳು ಗಡಿಯಾರ ಬಂದು ನಿಂತಿತು. ಅಕ್ಕನ ಕೈ ಅಭ್ಯಾಸಬಲದಿಂದ ಫೋನಿಗೆ ಹೋಯಿತು. ಎತ್ತಿಕೊಂಡು, ಸ್ವಲ್ಪ ಹೊತ್ತು ನೋಡಿ, ಕೆಳಗಿಟ್ಟಳು.

ಯಾರಾದರೂ ಕೇಳಬೇಕಿತ್ತು. "ಏನು ಮಾಡ್ತಿದೆ?" ಎಂದೆ.

ಅವಳು ಡಬ್ಬದ ಮೇಲೆ ಅಂಗೈ ಇಟ್ಟು ನೋಡಿದಳು.

"ತಣ್ಣಗಿದೆ" ಎಂದಳು. "ಸುಮ್ಮನೆ ಕಾಯ್ತಿದೆ."