ನೆಟ್ಟಗಿದ್ದ ಗೆರೆ

ಮಾವ, ಆ ಕೋವಿಯ ದುರ್ಬೀನಿನ ಗೆರೆ ಸೊಟ್ಟಗಿರಲಿಲ್ಲ. ಅವತ್ತು ನಾನು ನಿಮಗೆ ಸುಳ್ಳು ಹೇಳಿದೆ.

ಬದಲಾಯಿಸಿ ತಂದ ಎರಡನೆಯದೂ ಸೊಟ್ಟಗಿರಲಿಲ್ಲ. ಅಂಗಡಿಯವನು ನಮಗೆ ಟೋಪಿ ಹಾಕಿರಲಿಲ್ಲ. ಅಗ್ಗದ ಮಾಲು ಎಂದು ನಾವಿಬ್ಬರೂ ಸೇರಿಕೊಂಡು ಬೈದ ಆ ಬಡಪಾಯಿ ಗಾಜಿನದೂ ಏನೂ ತಪ್ಪಿರಲಿಲ್ಲ. ಗೆರೆ ಬಗ್ಗಿದ್ದು ನಿಮ್ಮ ಬಲಗಣ್ಣಿನೊಳಗೆ. ಅದು ನನಗೆ ಅವತ್ತೇ ಗೊತ್ತಿತ್ತು ಎಂದರೆ ಪೂರ್ತಿ ನಿಜವಲ್ಲ. ಗೊತ್ತಿರಲಿಲ್ಲ ಎಂದರೆ ಪೂರ್ತಿ ಸುಳ್ಳು. ಗೆರೆ ನೆಟ್ಟಗಿದೆ ಎಂಬುದಂತೂ ಗೊತ್ತಿತ್ತು. ಅಷ್ಟನ್ನೇ ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು.

ನನಗೇಕೆ ಹೇಳಲಾಗಲಿಲ್ಲ ಎಂಬುದಕ್ಕೆ ನಮ್ಮ ಮೊದಲ ಭೇಟಿಯಿಂದಲೇ ಶುರು ಮಾಡಬೇಕು. ನಿಮ್ಮ ಮಗಳು ದೇಚುವನ್ನು ಮದುವೆಯಾಗುತ್ತೇನೆಂದು ಹೇಳಲು ನಾನು ಮಡಿಕೇರಿಗೆ ಬಂದಿದ್ದೆ. ಮಾಂಸ ಮುಟ್ಟದ ಮೈಸೂರಿನ ಪುಳಿಚಾರು ಹುಡುಗ, ಸರ್ವೆ ಕೆಲಸದವನು, ಕೋವಿಯನ್ನು ಗೋಡೆಯ ಮೇಲೆ ಬಿಟ್ಟು ಬೇರೆಲ್ಲೂ ನೋಡಿರದವನು. ಹೊಸದಾಗಿ ಕಟ್ಟಿಸಿದ ಕಾಂಪೌಂಡ್ ಗೋಡೆಯನ್ನು ನೀವು ಹೆಮ್ಮೆಯಿಂದ ತೋರಿಸಿದಿರಿ. ನಾನು ತಲೆ ಓರೆ ಮಾಡಿ ನೋಡಿ, "ಆ ತುದಿಯಲ್ಲಿ ಸ್ವಲ್ಪ ವಾಲಿದೆ ಸರ್" ಎಂದೆ. ನೀವು ನನ್ನನ್ನಲ್ಲ, ಮಗಳನ್ನು ನೋಡಿ ಹೇಳಿದಿರಿ:

"ಗೋಡೆ ಅಳೆಯೋದಕ್ಕೆ ಬಂದದ್ದಾ ಇವರು? ಅಳತೆ ಆಯ್ತಲ್ಲ, ಕಾಫಿ ಕುಡಿದು ಹೋಗಲಿ."

ನಮ್ಮದು ರಿಜಿಸ್ಟರ್ ಮದುವೆಯಾಯಿತು. ನೀವು ಬರಲಿಲ್ಲ. ನಾವು ಆಕ್ಲೆಂಡಿಗೆ ಬಂದು ಹೆಂಡರ್ಸನ್ ಬಡಾವಣೆಯಲ್ಲಿ ಬಾಡಿಗೆಗೆ ಇದ್ದು, ಅಲ್ಲೇ ಮನೆ ಕೊಂಡ ಮೇಲೂ ನೀವು ಫೋನಿನಲ್ಲಿ ಮಗಳೊಂದಿಗೆ ಮಾತ್ರ ಮಾತಾಡುತ್ತಿದ್ದಿರಿ. ಗೋಡೆಯೊಂದೇ ಕಾರಣವಲ್ಲ, ಜಾತಿ, ಊಟ ಎಲ್ಲವೂ ಇತ್ತು. ಆದರೆ ನನ್ನ ತಲೆಯಲ್ಲಿ ಕೂತದ್ದು ಆ ಗೋಡೆಯೇ. ದೊಡ್ಡವರು ನೆಟ್ಟಗಿದೆ ಎಂದದ್ದನ್ನು ವಾಲಿದೆ ಎಂದು ಹೇಳಿ ಮನೆಯೊಂದನ್ನೇ ಕಳೆದುಕೊಂಡೆ ಎಂದುಕೊಂಡಿದ್ದೆ.

ಅತ್ತೆ ತೀರಿಕೊಂಡ ಮೇಲೆ ನೀವು ನಮ್ಮಲ್ಲಿಗೆ ಬಂದಿರಿ. ಒಂದೇ ಮನೆಯಲ್ಲಿದ್ದೂ ನನ್ನನ್ನು "ನೀವು" ಎಂದೇ ಕರೆಯುತ್ತಿದ್ದಿರಿ. ಬ್ಯಾಂಕಿನವರ ಜೊತೆ ಮಾತಾಡುವ ಹಾಗೆ! ದೇಚು ನಡುವೆ ಸಿಕ್ಕಿ ಸೊರಗುತ್ತಿದ್ದಳು. ಆಗ ನನಗೊಂದು ಯೋಚನೆ ಬಂತು. ಪರೀಕ್ಷೆ ಬರೆದು ಕೋವಿ ಲೈಸೆನ್ಸ್ ತೆಗೆದುಕೊಂಡೆ. ಸೆಕೆಂಡ್ ಹ್ಯಾಂಡಿನ ಒಂದು ಪಾಯಿಂಟ್ ಇಪ್ಪತ್ತೆರಡರ ರೈಫಲ್ ತಂದು ನಿಮ್ಮ ಮುಂದೆ ಇಟ್ಟೆ. ನೀವು ಬೋಲ್ಟ್ ಎಳೆದು ನೋಡಿ, ನಳಿಗೆಗೆ ಕಣ್ಣಿಟ್ಟು, "ಸಣ್ಣದು. ಡಬ್ಬ ಹೊಡೆಯೋದಕ್ಕೆ ಆದೀತು" ಎಂದಿರಿ. ಅವತ್ತು ರಾತ್ರಿ ಊಟಕ್ಕೆ ಕೂತಾಗ ನೀವೇ ನನಗೆ ಪಲ್ಯ ಬಡಿಸಿದಿರಿ.

ಲೈಸೆನ್ಸ್ ನನ್ನ ಹೆಸರಿನಲ್ಲಿದ್ದದ್ದರಿಂದ ನೀವು ಹೊಡೆಯುವಾಗ ನಾನು ಪಕ್ಕದಲ್ಲೇ ಇರಬೇಕಿತ್ತು. ಅದೇ ನನಗೆ ಬೇಕಾಗಿದ್ದದ್ದೂ ಕೂಡ. ನನ್ನ ಆಫೀಸಿನ ಗ್ರಹಾಂ ಹೆಲೆನ್ಸ್‌ವಿಲ್ ಊರಿನಾಚೆಗಿನ ತನ್ನ ಜಮೀನಿನಲ್ಲಿ ಜಾಗ ಕೊಟ್ಟ. ಭಾನುವಾರ ಬೀನ್ಸ್ ಡಬ್ಬಗಳನ್ನು ಬೇಲಿಯಾಚೆಯ ಮಣ್ಣಿನ ದಿಬ್ಬದ ಮೇಲೆ ಸಾಲಾಗಿ ಇಡುತ್ತಿದ್ದೆ. ಗುರಿ ಹಿಡಿಯಲು ನಳಿಗೆಯ ತುದಿಯ ಮೊಳೆಯೂ ಹಿಂದಿನ ಕಚ್ಚೂ ಒಟ್ಟಿಗೆ ಕಾಣುವುದಿಲ್ಲ, ವಯಸ್ಸಾಯಿತು, ಒಂದು ದುರ್ಬೀನು ಹಾಕಿಸೋಣ ಎಂದು ನೀವೇ ಹೇಳಿದಿರಿ.

ಆ ಆಯ್ಕೆಗೆ ನಾವು ಎಷ್ಟು ತಲೆ ಕೆಡಿಸಿಕೊಂಡೆವು! ಗಾಜಿನಲ್ಲಿ ಗುರಿಗೆರೆಯ ಬದಲು ಕೆಂಪು ಚುಕ್ಕೆ ಹೊಳೆಯುವಂಥದು ಆಟಿಕೆ ಎಂದು ನೀವು. ದೊಡ್ಡ ಕೋವಿಯ ದುರ್ಬೀನು ತುಂಬ ದೂರಕ್ಕೆ ಹೊಂದಿಸಿರುತ್ತದೆ, ಡಬ್ಬದ ದೂರಕ್ಕೆ ಇಪ್ಪತ್ತೆರಡರದ್ದೇ ಬೇಕು ಎಂದು ನಾನು. ಅಂಗಡಿಯಲ್ಲಿ ನೀವು ಒಂದೊಂದನ್ನೂ ಎತ್ತಿ, ಬಾಗಿಲಾಚೆ ರಸ್ತೆಯ ಫಲಕಕ್ಕೆ ಗುರಿಯಿಟ್ಟು, ಕೊನೆಗೆ ಅಗ್ಗದ ಸಾಲಿನಿಂದಲೇ ಒಂದನ್ನು ಆರಿಸಿದಿರಿ. "ಡಬ್ಬಕ್ಕೆ ಇದಕ್ಕಿಂತ ಮರ್ಯಾದೆ ಬೇಡ" ಎಂದಿರಿ. ದಾರಿಯಲ್ಲಿ ಇಬ್ಬರೂ ನಕ್ಕೆವು. ಬೇಸಿಗೆ ಪೂರ್ತಿ ಡಬ್ಬಗಳು ಟಣ್ ಟಣ್ ಎಂದು ಉರುಳಿದವು. ನೀವು ನನಗೆ ಉಸಿರು ಹಿಡಿಯುವುದನ್ನು ಕಲಿಸಿದಿರಿ. ನನ್ನ ಬದುಕಿನಲ್ಲಿ ಅಷ್ಟು ಸುಖದ ಭಾನುವಾರಗಳು ಬೇರೆ ಇಲ್ಲ ಮಾವ.

ಚಳಿ ಶುರುವಾಗುವ ಹೊತ್ತಿಗೆ ನೀವು ಒಂದು ದಿನ ಕೋವಿಯಿಂದ ಮುಖ ತೆಗೆದು ಗೊಣಗಿದಿರಿ.

"ಎಂಥ ಇದು? ಅಡ್ಡಗೆರೆ ನಡುವಲ್ಲಿ ಬಗ್ಗಿದೆ. ನೋಡಿ ನೀವು."

ನೋಡಿದೆ. ದಿನವಿಡೀ ಸರ್ವೆ ಯಂತ್ರದ ಗಾಜಿನಲ್ಲಿ ಅಂಥದೇ ಗೆರೆ ನೋಡಿ ಸಂಬಳ ತೆಗೆದುಕೊಳ್ಳುವವನು ನಾನು. ಗೆರೆ ನೂಲು ಹಿಡಿದ ಹಾಗೆ ನೆಟ್ಟಗಿತ್ತು. ಡಬ್ಬದ ಅಂಚೂ ನೆಟ್ಟಗೆ, ಬೇಲಿ ಕಂಬವೂ ನೆಟ್ಟಗೆ. ಕಣ್ಣು ತೆಗೆಯದೆ ಸ್ವಲ್ಪ ಹೊತ್ತು ಹಾಗೇ ಇದ್ದೆ. ಆ ಸ್ವಲ್ಪ ಹೊತ್ತಿನಲ್ಲಿ ನಾನು ಏನೇನು ಯೋಚಿಸಿದೆ — ಮಡಿಕೇರಿಯ ಗೋಡೆ, ಮಗಳ ಕಡೆ ತಿರುಗಿದ ನಿಮ್ಮ ಮುಖ, ಕೋವಿ ಹಿಡಿದು ಬೆಳೆದವರಿಗೆ ನಿಮ್ಮ ಕಣ್ಣು ಸರಿಯಿಲ್ಲ ಎಂದು ಕೋವಿ ಗೊತ್ತಿಲ್ಲದ ಅಳಿಯ ಹೇಳುವುದು ಹೇಗೆ ಎಂಬುದು. ಎಲ್ಲವನ್ನೂ ಯೋಚಿಸಿದೆ, ನಿಮ್ಮ ಕಣ್ಣಿನ ವಿಷಯವೊಂದನ್ನು ಬಿಟ್ಟು.

"ಹೌದು ಮಾವ, ಬಗ್ಗಿದೆ. ಅಗ್ಗದ ಮಾಲು" ಎಂದೆ.

ನೀವು ನನ್ನ ಹೆಗಲ ಮೇಲೆ ಕೈ ಹಾಕಿದಿರಿ. "ನಿನಗೂ ಕಾಣ್ತಲ್ಲ! ಪರವಾಗಿಲ್ಲ ಮಾರಾಯ, ನಿನ್ನ ಕಣ್ಣು ಚುರುಕಿದೆ." ಆ ಮಧ್ಯಾಹ್ನ "ನೀವು" ಹೋಗಿ "ನೀನು" ಬಂತು. ನಾನು ಎಷ್ಟು ವರ್ಷ ಕಾದದ್ದು ಅದಕ್ಕೆ! ಬರುವ ದಾರಿಯಲ್ಲಿ ಖುಷಿಯಿಂದ ಶಿಳ್ಳೆ ಹಾಕುತ್ತ ಕಾರು ಓಡಿಸಿದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಅಂಗಡಿಯವನು ಮರುಮಾತಿಲ್ಲದೆ ಬದಲಾಯಿಸಿಕೊಟ್ಟ. ಅದರಲ್ಲೂ ಗೆರೆ ಬಗ್ಗಿದೆ ಎಂದಿರಿ. ನಾನು ಮತ್ತೆ ಹೌದು ಎಂದೆ. ಎರಡನೆಯ ಸಲ ಸುಳ್ಳು ಹೇಳುವುದು ಎಷ್ಟು ಸಲೀಸು. ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಕೆಂಪು ಚುಕ್ಕೆಯದನ್ನೂ ತಂದೆವು. ಚುಕ್ಕೆ ಹರಡಿದೆ, ನಡುವೆ ಮಸಿ ಮೆತ್ತಿದ ಹಾಗಿದೆ ಎಂದಿರಿ. ನಾನು ಬಟ್ಟೆಯಿಂದ ಗಾಜು ಒರೆಸಿದೆ, ಬ್ಯಾಟರಿ ಬದಲಿಸಿದೆ. ಮಳೆಯ ಭಾನುವಾರಗಳಲ್ಲಿ ಮನೆಯಲ್ಲೇ ಉಳಿದೆವು. ಹಾಗೆ ಚಳಿಗಾಲ ಕಳೆಯಿತು.

ಒಂದು ದಿನ ದೇಚು ಅಡುಗೆಮನೆಯಲ್ಲಿ ನನ್ನನ್ನು ತಡೆದು ಕೇಳಿದಳು. "ಅಪ್ಪ ಕಾಫಿನ ಲೋಟದ ಪಕ್ಕಕ್ಕೇ ಸುರಿದ್ಬಿಟ್ರು ಕಣೋ. ಕಣ್ಣು ಸರಿ ಇದ್ಯಾ ಅವರದ್ದು? ಬಂದಾಗ್ಲೇ ಚೆಕಪ್‌ಗೆ ಬುಕ್ ಮಾಡಿದ್ದೆ, ಬೇಡ ಅಂತ ಗಲಾಟೆ ಮಾಡಿದ್ರು, ಕ್ಯಾನ್ಸಲ್ ಮಾಡ್ಬಿಟ್ಟೆ. ನೀನು ಜೊತೆಗಿರ್ತೀಯಲ್ಲ, ಏನನ್ಸುತ್ತೆ?"

"ಏನಿಲ್ಲ, ಚೆನ್ನಾಗೇ ಹೊಡೀತಾರೆ" ಎಂದೆ. ಅದು ಮೂರನೆಯ ಸುಳ್ಳು. ಮೂರರಲ್ಲೂ ದೊಡ್ಡದು ಅದೇ ಎಂದು ಈಗ ಅನ್ನಿಸುತ್ತದೆ. ನಿಮಗೆ ಹೇಳುವ ಧೈರ್ಯವಿಲ್ಲದಿದ್ದರೆ ಹೋಗಲಿ, ಅವಳಿಗಾದರೂ ಹೇಳಬಹುದಿತ್ತಲ್ಲ.

ನಿಮ್ಮ ಕಡೆಯ ಕೋವಿಪೂಜೆಯ ಹಬ್ಬ, ಕೈಲ್ ಮುಹೂರ್ತ ಬಂತು. ಊರಿನಲ್ಲಿ ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವವರು ಇಲ್ಲಿ ಯಾಕೆ ಬಿಡಬೇಕು ಎಂದು ದೇಚು ಕೋವಿಗೆ ಕುಂಕುಮವಿಟ್ಟು, ಹಿತ್ತಲಿನ ಗುಲಾಬಿ ಮುಡಿಸಿ, ಪೂಜೆ ಮಾಡಿದಳು. ಪಾಪಟೋಟೊಯಿಯ ಇಂಡಿಯನ್ ಅಂಗಡಿಯಿಂದ ಕಾಯಿ ತಂದಿದ್ದೆವು. ಗ್ರಹಾಂ ಮಣ್ಣಿನ ದಿಬ್ಬದ ಮುಂದೆ ಒಂದು ಗೂಟ ನೆಟ್ಟು ಅದಕ್ಕೆ ಕಾಯಿ ಕಟ್ಟಿದ. ನೀವು ಬಿಳಿ ಷರ್ಟಿನಲ್ಲಿ ಬಂದು ನಿಂತು, ಕೋವಿ ಎತ್ತಿ, ಇಳಿಸಿ, ಮತ್ತೆ ಎತ್ತಿದಿರಿ. ಆಮೇಲೆ ಗ್ರಹಾಂಗೆ ಕೇಳಿಸದ ಹಾಗೆ ನನ್ನನ್ನು ಕೇಳಿದಿರಿ:

"ಕಾಯಿ ಎಲ್ಲಿ ಕಟ್ಟಿದ್ದಾನೆ?"

ಕಾಯಿ ನಿಮ್ಮ ನೇರಕ್ಕೇ ಇತ್ತು. ನಾನು ನಿಮ್ಮ ಕೈಯಿಂದ ಕೋವಿ ತೆಗೆದುಕೊಂಡು ಗುಂಡು ಹೊರಗೆ ತೆಗೆದೆ.

ಆಸ್ಪತ್ರೆಗೆ ಹೋದ ದಿನ ದೇಚುವಿಗೆ ಶಿಶುವಿಹಾರದ ಕೆಲಸದಿಂದ ರಜೆ ಸಿಗಲಿಲ್ಲ. ನಾನೇ ಕರೆದುಕೊಂಡು ಹೋದೆ. ಇಲ್ಲಿಯವರ ಇಂಗ್ಲಿಷ್ ನಿಮ್ಮ ಕಿವಿಗೆ ಬೀಳುವ ಮೊದಲೇ ಓಡಿಹೋಗುತ್ತದೆಯಲ್ಲ, ಹಾಗಾಗಿ ದುಭಾಷಿಯೂ ನಾನೇ. ಕಣ್ಣಿನ ಪರದೆಯ ನಡುವೆ ರಕ್ತ ಸೋರಿ ಗಾಯ ಕಟ್ಟಿದೆ ಎಂದು ಡಾಕ್ಟರ್ ಚಿತ್ರ ತೋರಿಸಿದಳು. ಇದಕ್ಕೆ ಹೊಸದಾಗಿ ಇಂಜೆಕ್ಷನ್ ಬಂದಿದೆ, ಆದರೆ ಮೊದಮೊದಲಿಗೇ ಬಂದವರಿಗೆ ಅದರಿಂದ ಹೆಚ್ಚು ಉಪಯೋಗ ಎಂದಳು. ಆಮೇಲೆ ಕೇಳಿದಳು: ನೇರ ಗೆರೆಗಳು ಬಗ್ಗಿದಂತೆ ಕಂಡದ್ದು ಯಾವಾಗಿನಿಂದ? ಬಾಗಿಲ ಅಂಚು, ಪುಸ್ತಕದ ಸಾಲು — ಏನಾದರೂ?

ನಾನು ಅದನ್ನು ನಿಮಗೆ ಕನ್ನಡದಲ್ಲಿ ಹೇಳಿದೆ. ನೀವು ಯೋಚಿಸಿ ಹೇಳಿದಿರಿ:

"ಹಾಗೆಲ್ಲ ಏನೂ ಇರಲಿಲ್ಲ ಅಂತ ಹೇಳು. ಆ ದುರ್ಬೀನು ಮಾತ್ರ ಸೊಟ್ಟ ಇತ್ತು. ಅದನ್ನ ನೀನೇ ನೋಡಿದ್ದೀಯಲ್ಲ."

ನಾನು ಡಾಕ್ಟರ್ ಕಡೆ ತಿರುಗಿ, "ನೋ" ಎಂದೆ.

ಅಷ್ಟೇ. ನಿಮ್ಮ ಅಷ್ಟು ದೊಡ್ಡ ನಂಬಿಕೆಯನ್ನು ಅಷ್ಟು ಚಿಕ್ಕ ಮಾತಿನಲ್ಲಿ ಮುಗಿಸಿದೆ. ಇಂಜೆಕ್ಷನ್ ಕೊಟ್ಟರು, ಬಲಗಣ್ಣು ಉಳಿಯಲಿಲ್ಲ. ಕೆಲವು ವರ್ಷಗಳ ಮೇಲೆ ಎಡಗಣ್ಣೂ ನಿಧಾನವಾಗಿ ಮಂಜಾಯಿತು, ಅದಕ್ಕೆ ಔಷಧವೇ ಇಲ್ಲವೆಂದರು. ಎಡಗಣ್ಣಿನದು ನನ್ನ ಪಾಪವಲ್ಲ ಎಂದು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಬಲಗಣ್ಣು ಇದ್ದಿದ್ದರೆ ಅದೊಂದರಲ್ಲೇ ನೀವು ಓದಿಕೊಂಡಿರುತ್ತಿದ್ದಿರಿ, ಆಮೇಲೆ ಹುಟ್ಟಿದ ಮೊಮ್ಮಗಳ ಮುಖ ನೋಡುತ್ತಿದ್ದಿರಿ. ಅವಳು ಹತ್ತಿರ ಬಂದಾಗ ನೀವು ಅವಳ ಕಿವಿಯ ಆಚೆಗೆಲ್ಲೋ ನೋಡುತ್ತೀರಿ, ಓರೆಯಾಗಿ ನೋಡಿದರೆ ಸ್ವಲ್ಪ ಕಾಣುತ್ತದೆ ಎಂದು. "ತಾತಾ, ಐ ಆಮ್ ಹಿಯರ್" ಎಂದು ಅವಳು ನಿಮ್ಮ ಗದ್ದ ಹಿಡಿದು ತಿರುಗಿಸುತ್ತಾಳೆ. ನಾನು ಎದ್ದು ಬೇರೆ ಕೋಣೆಗೆ ಹೋಗುತ್ತೇನೆ.

ಇನ್ನೊಂದು ಇದೆ, ಅದನ್ನೂ ಹೇಳಿಬಿಡಬೇಕು. ಆ ಚೆಕಪ್ ಕ್ಯಾನ್ಸಲ್ ಮಾಡಿದ್ದಕ್ಕೇ ಹೀಗಾಯಿತು ಎಂದು ದೇಚು ಇಷ್ಟು ವರ್ಷವೂ ಕೊರಗಿದ್ದಾಳೆ. ಅದು ನಿಮಗೂ ಗೊತ್ತು, ನಿಮ್ಮೆದುರೇ ಅತ್ತಿದ್ದಾಳೆ. ನೀವು ಬಂದ ಹೊಸದರಲ್ಲಿ ಕಣ್ಣು ಚೆನ್ನಾಗಿಯೇ ಇತ್ತು, ಬೇಸಿಗೆಯಿಡೀ ಡಬ್ಬ ಉರುಳಿಸಿದಿರಿ. ಅವತ್ತು ತೋರಿಸಿದ್ದರೂ ಏನೂ ಸಿಗುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳ ತಲೆ ಸವರಿ "ನಿನ್ನ ತಪ್ಪಲ್ಲ" ಎಂದಷ್ಟೇ ಹೇಳಿದೆ, ಯಾರ ತಪ್ಪೆಂದು ಹೇಳಲಿಲ್ಲ. ಎಷ್ಟು ಒಳ್ಳೆಯ ಗಂಡ ಎಂದು ಅವಳು ಅಂದುಕೊಂಡಳು. ನೀವೂ ಅಂದುಕೊಂಡಿರಿ.

ಕ್ಷಮಿಸಿ ಎಂದು ಕೇಳುವುದಿಲ್ಲ ಮಾವ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ಅದೇ ಭಯ. ಬೈಯಿರಿ. ಮತ್ತೆ "ನೀವು" ಎನ್ನಿ, ಅದನ್ನೂ ಕೇಳಿಸಿಕೊಳ್ಳುತ್ತೇನೆ.

ನಾಳೆ ಬೆಳಿಗ್ಗೆ ಕಾಫಿಯಾದ ಮೇಲೆ ದೇಚುವನ್ನೂ ನಿಮ್ಮ ಪಕ್ಕದಲ್ಲಿ ಕೂರಲು ಹೇಳುತ್ತೇನೆ. ಈ ಕಾಗದವನ್ನು ಅವಳ ಕೈಗೆ ಕೊಟ್ಟು ನಾನು ಎದ್ದುಹೋಗಬಹುದು. ಅವಳು ಓದಿ ಹೇಳಿಯಾಳು. ಹಾಗೆ ಮಾಡುವುದಿಲ್ಲ. ನೀವು ಇದನ್ನು ಓದಲಾರದ ಹಾಗೆ ಮಾಡಿದವನು ನಾನು. ನಿಮಗೆ ಓದಿ ಹೇಳಬೇಕಾದವನೂ ನಾನೇ.