ಐದು ಪ್ರಶ್ನೆ ಓದಿ ಹೇಳುವ ದೆರಾಮನ್

ಬೆಳಗಿನ ಪ್ರಾರ್ಥನೆ ಮುಗಿದು ಅರ್ಧ ಗಂಟೆಯೂ ಆಗಿಲ್ಲ. ತೆರೆಂಗಾನು ಕರಾವಳಿಯ ಈ ಮೀನುಗಾರರ ಊರಿನ ಸರ್ಕಾರಿ ಆಸ್ಪತ್ರೆಯ ಹಿಂದಿನ ಜಗಲಿಯಲ್ಲಿ ಇಬ್ಬರು ಗಂಡಸರು ನದಿಯ ಕಡೆ ಮುಖ ಮಾಡಿ, ಅಕ್ಕಪಕ್ಕ ಕುಳಿತು ಹರಿದ ಬಲೆ ಹೆಣೆಯುತ್ತಿದ್ದಾರೆ. ಒಬ್ಬರು ಆಸ್ಪತ್ರೆಯ ಅಟೆಂಡರ್ ದೆರಾಮನ್. ಇನ್ನೊಬ್ಬರು ಮೀನುದೋಣಿ ನಡೆಸುವ ತಾಂಡೇಲ ಎಂಬೊಂಗ್, ಸಕ್ಕರೆ ಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ ಬಂದವರು.

“ಮೊದಲನೇ ಪ್ರಶ್ನೆ,” ಎನ್ನುತ್ತಾರೆ ದೆರಾಮನ್.

“ಐದು ಹಾಕಿ, ಪಾಕ್ ಸು.”

“ಇನ್ನೂ ಓದೇ ಇಲ್ಲವಲ್ಲೋ!”

“ಓದಿದ್ರೂ ಐದೇ. ಬೇಗ ಬರ್ಕೊಳ್ಳಿ, ಹೊಟ್ಟೆ ಚುರುಗುಟ್ತಿದೆ.”

ಪಾಕ್ ಸು ಅಂದರೆ ಕಿರಿ ಚಿಕ್ಕಪ್ಪ. ಐವತ್ತೊಂಬತ್ತರ ದೆರಾಮನ್ ಊರಿಗೆಲ್ಲ ಪಾಕ್ ಸುನೇ. ಅವರ ತೊಡೆಯ ಮೇಲಿರುವ ಕಾಗದದಲ್ಲಿ ಐದು ಪ್ರಶ್ನೆಗಳಿವೆ. ಹೆಂಡತಿಯ ಜೊತೆಗಿರುವಾಗ ಗಂಡಸಿನ ಅಂಗ ನಿಮಿರುತ್ತದೆಯೇ, ನಿಮಿರಿದ್ದು ಕೊನೆಯತನಕ ನಿಲ್ಲುತ್ತದೆಯೇ ಎಂಬಂಥವು. ಒಂದೊಂದಕ್ಕೂ ಹೆಚ್ಚೆಂದರೆ ಐದು ಅಂಕ. ಒಟ್ಟು ಇಪ್ಪತ್ತೆರಡಕ್ಕಿಂತ ಕಡಿಮೆ ಬಂದರೆ ತೊಂದರೆಯಿದೆ ಎಂದರ್ಥ. ಸಕ್ಕರೆ ಕಾಯಿಲೆಯ ಗಂಡಸರಿಗೆಲ್ಲ ಇದನ್ನು ಕೊಡಬೇಕು, ಯಾಕೆಂದರೆ ಎದೆಯ ರಕ್ತನಾಳಗಳು ಕೆಡುವ ಮುನ್ಸೂಚನೆ ಎಷ್ಟೋ ಸಲ ಮೊದಲು ಅಲ್ಲಿ ಕಾಣಿಸಿಕೊಳ್ಳುತ್ತದೆ.

ಐದು ವರ್ಷದ ಹಿಂದೆ ಡಾಕ್ಟರ್ ತೇನ್‌ಮೊಳಿ ಈ ಆಸ್ಪತ್ರೆಗೆ ಬಂದಾಗ ಹಳೆಯ ಕಾಗದಗಳನ್ನು ನೋಡಿ ಬೆರಗಾದರಂತೆ. ನಲವತ್ತು ಜನರಲ್ಲಿ ಮೂವತ್ತಾರು ಜನಕ್ಕೆ ಇಪ್ಪತ್ತೈದಕ್ಕೆ ಇಪ್ಪತ್ತೈದು! ಅಲ್ಲೇ ನೆಲ ಒರೆಸುತ್ತಿದ್ದ ದೆರಾಮನ್ ತಲೆಯೆತ್ತದೆ ಹೇಳಿದರು: “ಡಾಕ್ಟ್ರೇ, ಇವ್ರು ಇದನ್ನ ಪರೀಕ್ಷೆ ಅಂದ್ಕೊಂಡಿದ್ದಾರೆ. ಫೇಲಾಗೋಕೆ ಯಾರಿಗಿಷ್ಟ?” ಆಮೇಲೆ ಒಂದು ಹೊಸ ಕಾಗದ ಕೇಳಿ ಪಡೆದು ತಮ್ಮದನ್ನೇ ತುಂಬಿದರು. ಆರು ಅಂಕ ಬಂತು. ಅಂದಿನಿಂದ ಕಾಗದ ಓದಿ ಹೇಳುವ ಕೆಲಸ ಅವರದು. ಸಂಬಳ ಏನೂ ಹೆಚ್ಚಿಲ್ಲ.

ಚಿಕಿತ್ಸೆಯ ಪಾಠವನ್ನು ಡಾಕ್ಟರೇ ಕೂರಿಸಿಕೊಂಡು ಹೇಳಿಕೊಟ್ಟರು, ಬಲೆಯ ಉಪಾಯ ಮಾತ್ರ ದೆರಾಮನ್ ಅವರದೇ. ಹರಿದ ಬಲೆ ಕಂಡರೆ ಇಲ್ಲಿನ ಗಂಡಸರ ಕೈ ಸುಮ್ಮನಿರುವುದಿಲ್ಲ. ಕೈಗೆ ಕೆಲಸ, ಕಣ್ಣಿಗೆ ನದಿ ಸಿಕ್ಕರೆ ಬಾಯಿ ತಾನಾಗಿ ಸಡಿಲವಾಗುತ್ತದೆ. ವಾರಕ್ಕೆ ಇಬ್ಬರು ಮೂವರಂತೆ ಈತನಕ ಆರುನೂರು ಜನ ಇಲ್ಲಿ ಕೂತು ಎದ್ದಿದ್ದಾರೆ. ಬಲೆ ಪೂರ್ತಿ ಸರಿಯಾದ ದಿನ ದೆರಾಮನ್ ಯಾರಿಗೂ ಕಾಣದಂತೆ ಅದನ್ನು ಮತ್ತೆ ಹರಿಯುತ್ತಾರೆ. ಈ ಊರಲ್ಲಿ ಹದಿನಾರು ವರ್ಷದಿಂದ ಇರುವ ನನಗೂ ಇದು ಗೊತ್ತಾದದ್ದು ಮೊನ್ನೆ. ಪತ್ರಿಕೆಗೆ ಬರೆಯುವಾಗ ಹೆಸರು ಬದಲಿಸುವುದಾದರೆ ಕೂರಲಿ ಎಂದು ಎಂಬೊಂಗ್ ಒಪ್ಪಿದ ಮೇಲೆ ನನ್ನ ಕೈಗೂ ಬಲೆಯ ಒಂದು ತುದಿ ಬಂದಿದೆ.

ಎಂಬೊಂಗ್‌ಗೆ ಐವತ್ತೆರಡು. ಹೆಂಡತಿ ಕೆಲ್ಸೋಮ್ ಮೂರು ವಾರದಿಂದ ನದಿಯಾಚೆ ಅಕ್ಕನ ಮನೆಯಲ್ಲಿದ್ದಾರೆ.

“ಆಚೆ ಬಂದರಲ್ಲಿ ನಂಗೊಬ್ಬಳು ಇದ್ದಾಳಂತೆ. ಅದಕ್ಕೆ ಸಿಟ್ಟು ಮಾಡ್ಕೊಂಡು ಹೋದ್ಲು,” ಎಂದು ಎಂಬೊಂಗ್ ನಗುತ್ತಾರೆ. ಆ ನಗೆಯಲ್ಲಿ ಸ್ವಲ್ಪ ಜಂಬವೂ ಇದೆ.

“ಇದ್ದಾಳಾ?”

“ಎಲ್ಲಿಂದ ಬರ್ತಾಳೆ ಪಾಕ್ ಸು? ಅಂದ್ಕೊಂಡ್ರೆ ಅಂದ್ಕೊಳ್ಳಲಿ ಬಿಡಿ.”

ದೆರಾಮನ್ ಪೆನ್ಸಿಲ್ ಕೆಳಗಿಡುತ್ತಾರೆ.

“ನಾನೂ ಹಂಗೇ ಬಿಟ್ಟಿದ್ದೆ ಕಣೋ. ದೋಣಿ ಯಂತ್ರಕ್ಕೆ ಕೈ ಸಿಕ್ಕಿ ಪೆಟ್ಟಾಗಿ, ಸಮುದ್ರ ಬಿಟ್ಟು ಈ ಕೆಲಸಕ್ಕೆ ಬಂದೆ. ನಲವತ್ತೈದಕ್ಕೆ ಸಕ್ಕರೆ ಬಂತು, ನಲವತ್ತೆಂಟಕ್ಕೆ ಇದು. ಹೆಂಡ್ತಿ ಸೆಲಾಮಾಗೆ ಹೇಳ್ಲಿಲ್ಲ. ಸೆಕೆ ಅಂತ ಜಗಲೀಲಿ ಮಲಗ್ದೆ, ಆರು ವರ್ಷ. ‘ರೀ, ಬೇರೆ ಯಾರಾದ್ರೂ ಇದ್ದಾರಾ?’ ಅಂತ ಒಂದ್ಸಲ ಕೇಳಿದ್ಲು. ಇಲ್ಲ ಅನ್ಲಿಲ್ಲ. ಆಗಲ್ಲ ಅನ್ನೋದಕ್ಕಿಂತ ಯಾರೋ ಇದ್ದಾಳೆ ಅನ್ಸಿಕೊಳ್ಳೋದೇ ಮರ್ಯಾದೆ ಅಂದ್ಕೊಂಡೆ, ದರಿದ್ರದವನು.”

ಬಲೆಯ ಮೇಲೆ ಮೂವರ ಕೈಗಳೂ ನಿಂತಿವೆ.

“ಈ ಡಾಕ್ಟ್ರು ಬರೋಕೆ ಮುಂಚೆ ಅವಳನ್ನ ಶ್ವಾಸಕೋಶದ ಸೋಂಕಾಗಿ ದೊಡ್ಡಾಸ್ಪತ್ರೆಗೆ ಸೇರಿಸಿದ್ವಿ. ಮೂರನೇ ದಿನ ನನ್ನ ಕೈ ಹಿಡ್ಕೊಂಡು ಹೇಳಿದ್ಲು, ‘ನಾನು ಹೋದ್ಮೇಲೆ ಅವಳನ್ನ ಮನೆಗೆ ಕರ್ಕೊಂಡು ಬನ್ನಿ. ಚೆನ್ನಾಗಿ ನೋಡ್ಕೊಳ್ಳಿ’ ಅಂತ. ಆಗ್ಲೂ ನಿಜ ಹೇಳಕ್ಕೆ ನಂಗೆ ಬಾಯಿ ಬರ್ಲಿಲ್ಲ. ಸಂಜೆ ಹೊತ್ತಿಗೆ ಹೋಗ್ಬಿಟ್ಲು.”

ನದಿಯಲ್ಲಿ ಒಂದು ದೋಣಿ ಬಂದು ದಡ ಸೇರುತ್ತದೆ, ಐಸ್ ಪೆಟ್ಟಿಗೆಗಳನ್ನು ಇಳಿಸುವ ಸದ್ದು ಕೇಳುತ್ತದೆ.

“ಮೊದಲನೇದು ಎರಡು ಹಾಕಿ,” ಎನ್ನುತ್ತಾರೆ ಎಂಬೊಂಗ್.

ದೆರಾಮನ್ ಒಂದೊಂದೇ ಪ್ರಶ್ನೆ ಓದುತ್ತಾರೆ. ಒಟ್ಟು ಏಳು ಅಂಕ.

“ಇದಕ್ಕೆ ಔಷಧಿ ಇದೆಯಾ?”

“ಇದೆ. ಮೊದಲು ಸಕ್ಕರೆ ಇಳಿಸು, ಸಿಗರೇಟು ಬಿಡು. ಅದಿಲ್ದೆ ಮಿಕ್ಕಿದ್ದೆಲ್ಲ ತೂತು ದೋಣಿಗೆ ಬಣ್ಣ ಬಳಿದಂಗೆ. ಮಾತ್ರೆ ಇದಾವೆ, ಒಂದು ನಾಕೈದು ಗಂಟೆ ಇರತ್ತೆ, ಇನ್ನೊಂದು ಒಂದೂವರೆ ದಿನ. ಸುಮಾರು ಜನಕ್ಕೆ ಅಷ್ಟೇ ಸಾಕು. ನೀನು ಮಾತ್ರ ಮುಟ್ಟಬಾರ್ದು.”

“ನಾನೇನ್ ಪಾಪ ಮಾಡಿದ್ದೆ?”

“ಎದೆನೋವಿಗೆ ನಾಲಿಗೆ ಕೆಳಗಿಡೋ ಮಾತ್ರೆ ನಿನ್ನ ಜೇಬಲ್ಲಿದೆ ತಾನೇ? ಅದೂ ಇದೂ ಕೂಡಿದ್ರೆ ರಕ್ತದೊತ್ತಡ ಪಾತಾಳಕ್ಕೆ. ಜೀವಾನೇ ಹೋಗ್ಬಹುದು.”

ಎಂಬೊಂಗ್ ಜೇಬಿನಿಂದ ಗಂಡಸರ ಶಕ್ತಿಗೆಂದು ಸಂತೆಯಲ್ಲಿ ಮಾರುವ ಕಾಫಿ ಪುಡಿಯ ಪೊಟ್ಟಣವೊಂದನ್ನು ಮೆಲ್ಲಗೆ ತೆಗೆಯುತ್ತಾರೆ. “ಇದು ಬರೀ ಬೇರು, ಅರ್ಧ ಗಂಟೇಲಿ ಕೆಲಸ ಮಾಡತ್ತೆ ಅಂದ ಮಾರೋನು. ಕೆಲ್ಸೋಮ್ ವಾಪಸ್ ಬಂದ ದಿನ ಕುಡಿಯೋಣ ಅಂತ ಇಟ್ಕೊಂಡಿದ್ದೆ.”

“ಬೇರು ಅರ್ಧ ಗಂಟೇಲಿ ಕೆಲಸ ಮಾಡತ್ತೇನೋ? ಇಂಥದ್ರಲ್ಲಿ ಅದೇ ಮಾತ್ರೆ ಅರೆದು ಹಾಕಿರ್ತಾರೆ. ಎಷ್ಟು ಅಂತ ಪೊಟ್ಟಣ ಕಟ್ಟಿದೋನಿಗೂ ಗೊತ್ತಿರಲ್ಲ.” ಪೊಟ್ಟಣ ಕೈಗೆ ಬರುವವರೆಗೂ ದೆರಾಮನ್ ಚಾಚಿದ ಕೈ ಹಿಂದೆಗೆಯುವುದಿಲ್ಲ. “ನಿಂಗೆ ಪಂಪು ಆಗ್ಬಹುದು.”

“ಪಂಪಾ? ನಾನೇನು ಸೈಕಲ್ ಟ್ಯೂಬಾ?”

“ಇದು ಗಾಳಿ ತುಂಬಲ್ಲ, ಎಳೆಯತ್ತೆ, ಅಂಗಕ್ಕೆ ರಕ್ತ ಬರತ್ತೆ. ಆಮೇಲೆ ಬುಡಕ್ಕೊಂದು ರಬ್ಬರ್ ಉಂಗುರ, ಅರ್ಧ ಗಂಟೆ ಮೀರಬಾರ್ದು. ಮೊದಮೊದಲು ಇರುಸುಮುರುಸು, ಆದ್ರೆ ಎದೆಗೆ ತೊಂದರೆ ಇಲ್ಲ. ಅದಾಗಲಿಲ್ಲ ಅಂದ್ರೆ ಸೂಜಿ.”

“ಅಲ್ಲಿಗೇ?”

“ಅಲ್ಲಿಗೇ. ದಿನಾ ಇನ್ಸುಲಿನ್ ಚುಚ್ಕೊಳ್ಳೋನಿಗೆ ಅದೇನು ಭಯ? ನಾಕು ಗಂಟೆ ಆದ್ರೂ ಇಳೀದಿದ್ರೆ ಮಾತ್ರ ನಾಚ್ಕೊಂಡು ಕೂರ್ಬೇಡ, ಓಡಿ ಬಾ. ಆಪರೇಷನ್ನೂ ಇದೆ, ದೊಡ್ಡ ಊರಲ್ಲಿ. ಅದು ಕೊನೇದು, ಮಾಡಿಸ್ಕೊಂಡ್ಮೇಲೆ ಮೊದಲಿನ ಹಾಗೆ ಆಗಲ್ಲ. ನಿಂಗೆ ಯಾವುದು ಅಂತ ಡಾಕ್ಟ್ರು ಹೇಳ್ತಾರೆ.”

“ನೀವು ಯಾವುದು ತಗೊಂಡ್ರಿ?”

“ನಂಗಿನ್ಯಾಕೋ?” ಎನ್ನುತ್ತಾರೆ ದೆರಾಮನ್.

ಪಂಪು ಕಲಿಸುವಾಗ ಗಂಡ ಹೆಂಡತಿ ಇಬ್ಬರೂ ಬರಬೇಕೆಂಬುದು ಡಾಕ್ಟರ್ ಮಾಡಿರುವ ನಿಯಮ. ಅಂದರೆ ಎಂಬೊಂಗ್ ಇವತ್ತು ನದಿ ದಾಟಲೇಬೇಕು. ರಕ್ತ ಕೊಟ್ಟು, ಡಾಕ್ಟರನ್ನು ಕಂಡು ಮತ್ತೆ ಜಗಲಿಗೆ ಬಂದು, ಚಪ್ಪಲಿ ಮೆಟ್ಟಿಕೊಂಡೂ ಹೊರಡದೆ ನಿಂತಿದ್ದಾರೆ.

“ಬಾಯಲ್ಲಿ ಹೇಳಕ್ಕಾಗಲ್ಲ ಪಾಕ್ ಸು. ಆ ಕಾಗದದ್ದು ಒಂದು ನಕಲು ಕೊಡ್ತೀರಾ?”

ದೆರಾಮನ್ ಒಳಗೆ ಹೋಗಿ ನಕಲು ತೆಗೆಸಿ ತರುತ್ತಾರೆ. ಎಂಬೊಂಗ್ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ಸೇರಿಸಿಕೊಂಡು ದೋಣಿಗಟ್ಟೆಯ ಕಡೆ ನಡೆಯುತ್ತಾರೆ. ಅವರು ದೋಣಿ ಹತ್ತುವವರೆಗೂ ದೆರಾಮನ್ ಜಗಲಿಯಲ್ಲೇ ನಿಂತು ನೋಡುತ್ತಾರೆ.

ಮುಂದಿನ ವರ್ಷ ಅವರಿಗೆ ನಿವೃತ್ತಿ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅವರು ಬಲೆ ಸುತ್ತಿಟ್ಟು, ತಮ್ಮ ಬೀಗದ ಪೆಟ್ಟಿಗೆಯಿಂದ ಹಳದಿಯಾದ ಕಾಗದವೊಂದನ್ನು ತಂದು ತೋರಿಸುತ್ತಾರೆ. ಐದು ಪ್ರಶ್ನೆ, ಕೆಳಗೆ ಪೆನ್ಸಿಲಿನಲ್ಲಿ ಆರು ಎಂದು ಬರೆದಿದೆ.

“ಇಂಥದ್ದೊಂದನ್ನ ಆಗ್ಲೇ ಅವಳ ಕೈಗೆ ಕೊಟ್ಟಿದ್ರೆ ಸಾಕಿತ್ತು ನೋಡಿ,” ಎನ್ನುತ್ತಾರೆ. “ಸೆಲಾಮಾಗೆ ಓದಕ್ಕೆ ಬರ್ತಿತ್ತು.”