ಹಳೇ ಮಿಕ್ಸಿಯ ಲತಾ ಅವರಿಗೆ ಉಳಿದಿರುವುದು ನೂರೇ ಪುಟ

ಬೆಳಗಿನ ಆರೂಕಾಲು. ಕಾಮಾಕ್ಷಿಪಾಳ್ಯದ ಮೂರಂತಸ್ತಿನ ಮನೆಯೊಂದರ ತಾರಸಿಯಲ್ಲಿ ಲತಾ ಚಾಪೆ ಹಾಕಿಕೊಂಡು ಕೂತಿದ್ದಾರೆ. ಎಡಗಡೆ ಒಂದು ಮೊರ, ಬಲಗಡೆ ಒಂದು ಮೊರ, ನಡುವೆ ಒಂದು ಪ್ಲಾಸ್ಟಿಕ್ ಬಕೆಟ್ಟು. ಬಕೆಟ್ಟಿನ ತುಂಬ ಹಳೇ ಮಿಕ್ಸಿಗಳ ಬಿಡಿಭಾಗಗಳು. ವೇಗ ತಿರುಗಿಸುವ ನಾಬುಗಳು, ಜಾರಿನ ಅಡಿಗೆ ಕೂರುವ ಕಪ್ಲರುಗಳು, ರಬ್ಬರ್ ವಾಷರುಗಳು, ಚಟ್ನಿ ಜಾರಿನ ಮುಚ್ಚಳಗಳು. ಒಂದೊಂದನ್ನೇ ಎತ್ತಿ, ಕಣ್ಣಿನ ಮಟ್ಟಕ್ಕೆ ಹಿಡಿದು, ಬೆಳಕಿಗೆ ತಿರುಗಿಸಿ ನೋಡುತ್ತಾರೆ. ಪ್ಲಾಸ್ಟಿಕ್ಕಿನಲ್ಲೇ ಅಚ್ಚಾಗಿರುವ ಸಾಸಿವೆ ಗಾತ್ರದ ನಂಬರು ಕಾಣುವುದು ಬಿಸಿಲು ಓರೆಯಾಗಿ ಬೀಳುವ ಈ ಮುಕ್ಕಾಲು ಗಂಟೆಯಲ್ಲಿ ಮಾತ್ರ. ಏಳರ ಹೊತ್ತಿಗೆ ಪಕ್ಕದ ಕಟ್ಟಡದ ನೀರಿನ ಟ್ಯಾಂಕು ಅಡ್ಡ ಬರುತ್ತದೆ.

ನಂಬರು ಓದುತ್ತಾರೆ. ಆಮೇಲೆ ಬಲದ ಮೊರಕ್ಕೋ ಎಡದ ಮೊರಕ್ಕೋ ಹಾಕುತ್ತಾರೆ. ಬಲದ್ದು ಉಳಿಯುವುದು, ಎಡದ್ದು ಹೋಗುವುದು. ಎಡದ ಮೊರ ಆಗಲೇ ಅಂಚಿನವರೆಗೆ ತುಂಬಿದೆ. ಬಲದ್ದರಲ್ಲಿ ಇನ್ನೂ ತಳ ಕಾಣುತ್ತಿದೆ.

"ಏಳ್ ವರ್ಷದಿಂದ ದಿನಾ ಇಷ್ಟ್ ಹೊತ್ಗೆ ಇಲ್ಲಿ ಬಂದು ಫೋಟೊ ತೆಗೀತಿದ್ದೆ. ಈ ವಾರ ಒಂದೂ ತೆಗ್ದಿಲ್ಲ. ಇರೋದನ್ನೇ ಇಳಿಸ್ತಾ ಇದೀನಿ, ಇನ್ನು ಹೊಸಾದ್ನ ಎಲ್ಲಿಂದ ಏರಿಸ್ಲಿ?" ಎನ್ನುತ್ತಾರೆ, ಕೈಯಲ್ಲಿದ್ದ ಕಪ್ಲರಿನಿಂದ ಕಣ್ಣು ತೆಗೆಯದೆ.

ಲತಾ ಅವರಿಗೆ ಐವತ್ತೊಂದು ವರ್ಷ. ಮೊಬೈಲಿನಲ್ಲಿ ಸಾಮಾನು ಮಾರುವ ಒಂದು ದೊಡ್ಡ ಆ್ಯಪ್‌ನಲ್ಲಿ ಅವರದೊಂದು ಪುಟ್ಟ ಅಂಗಡಿ ಇದೆ. ನಿಂತುಹೋದ ಕಂಪನಿಗಳ, ಈಗ ಯಾರೂ ತಯಾರಿಸದ ಮಿಕ್ಸಿಗಳ ಭಾಗಗಳನ್ನು ಮಾತ್ರ ಅವರು ಮಾರುತ್ತಾರೆ. ಮಿಕ್ಸಿ ಕೆಟ್ಟರೆ ಎಸೆದು ಹೊಸದು ತಂದರಾಯಿತು ಎನ್ನುವವರು ಸಾಮಾನ್ಯವಾಗಿ ಮಿಕ್ಸಿಗೆ ಕಂತು ಕಟ್ಟಿ ಗೊತ್ತಿಲ್ಲದವರು. ತೊಂಬತ್ತು ರೂಪಾಯಿಯ ನಾಬು ಸಿಕ್ಕರೆ ಇಪ್ಪತ್ತೈದು ವರ್ಷದ ಮಿಕ್ಸಿ ಇನ್ನೂ ಐದು ವರ್ಷ ರುಬ್ಬುತ್ತದೆ ಎಂದು ಲೆಕ್ಕ ಹಾಕುವ ಮನೆಗಳು ಈ ದೇಶದಲ್ಲಿ ಬೇಕಾದಷ್ಟಿವೆ. ಅಂಥ ಮನೆಗಳಿಂದ ದಿನಕ್ಕೆ ಮೂರೋ ನಾಲ್ಕೋ ಆರ್ಡರು ಲತಾ ಅವರಿಗೆ ಬರುತ್ತವೆ. ಧಾರವಾಡದಿಂದ, ಸೇಲಂನಿಂದ, ಒಮ್ಮೆ ಅಸ್ಸಾಮಿನ ಸಿಲ್ಚಾರಿನಿಂದಲೂ ಬಂದಿತ್ತು.

ಈ ವಿದ್ಯೆ ಅವರಿಗೆ ಬಂದದ್ದು ನೌಕರಿಯಿಂದ. ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನಲ್ಲಿ 'ಅನುರೂಪ' ಎಂಬ ಮಿಕ್ಸಿ ಕಂಪನಿಯೊಂದಿತ್ತು. ಅದರ ಸರ್ವೀಸ್ ಸೆಂಟರಿನ ಕೌಂಟರಿನಲ್ಲಿ ಅವರು ಹದಿನೆಂಟು ವರ್ಷ ದುಡಿದರು. ಕಂಪನಿ ಮುಚ್ಚಿದಾಗ ಉಗ್ರಾಣದಲ್ಲಿ ಬಿದ್ದಿದ್ದ ಮುನ್ನೂರ ನಲವತ್ತು ಕಿಲೋ ಬಿಡಿಭಾಗಗಳನ್ನು ಗುಜರಿಗೆ ಹಾಕುವುದೆಂದು ಮಾತಾಗಿತ್ತು. ತಮ್ಮ ಕಂಪನಿಯದಷ್ಟೇ ಅಲ್ಲ, ರಿಪೇರಿಗೆಂದು ತರಿಸಿಟ್ಟಿದ್ದ ಬೇರೆ ಕಂಪನಿಗಳ ಭಾಗಗಳೂ ಅದರಲ್ಲಿದ್ದವು. ಗುಜರಿಯವನು ಹೇಳಿದ್ದ ಬೆಲೆಯನ್ನೇ ಲತಾ ತಾವು ಕೊಟ್ಟು ಅಷ್ಟನ್ನೂ ಆಟೊದಲ್ಲಿ ಐದು ಸಲ ಹೇರಿಕೊಂಡು ಮನೆಗೆ ತಂದರು. ಗಂಡ ಚಿಕ್ಕಣ್ಣ ಹತ್ತಿರದ ಶೆಡ್ಡೊಂದರಲ್ಲಿ ಲೇತ್ ಮೆಷಿನ್ನು ನಡೆಸುವವರು. ಅವತ್ತು ಸಂಜೆ ಅವರು ಮನೆಗೆ ಬಂದಾಗ ಕಾಲಿಡಲು ಜಾಗವಿರಲಿಲ್ಲವಂತೆ.

ಒಂದು ಭಾಗವನ್ನು ಆ್ಯಪ್‌ನಲ್ಲಿ ಮಾರಬೇಕಾದರೆ ಅದರ ಫೋಟೊ, ಅಳತೆ, ಬೆಲೆ, ಯಾವ ಮಿಕ್ಸಿಗೆ ಹೊಂದುತ್ತದೆ ಎಂಬ ವಿವರ ಎಲ್ಲ ಸೇರಿಸಿ ಒಂದು ಪುಟ ಮಾಡಬೇಕು. ಅದಕ್ಕೆ ಲಿಸ್ಟಿಂಗ್ ಎನ್ನುತ್ತಾರೆ. ಲತಾ ಬೆಳಗ್ಗೆ ಫೋಟೊ ತೆಗೆದು, ಮಧ್ಯಾಹ್ನ ವಿವರ ಬರೆದು, ದಿನಕ್ಕೆ ಒಂದೋ ಎರಡೋ ಪುಟ ಏರಿಸುತ್ತ ಬಂದವರು. ಮಾರಿ ಮುಗಿದವು ಹೋಗಿ ಈಗ ಆರುನೂರ ಹನ್ನೆರಡು ಪುಟಗಳಿವೆ. ಏಳುನೂರೈವತ್ತು ಪುಟದವರೆಗೆ ಆ್ಯಪ್ ಬಾಡಿಗೆ ಕೇಳುತ್ತಿರಲಿಲ್ಲ. ಸಾಮಾನು ಮಾರಾಟವಾದರೆ ಮಾತ್ರ ಆ್ಯಪ್ ತನ್ನ ಪಾಲು ಮುರಿದುಕೊಳ್ಳುತ್ತಿತ್ತು. ಹಾಗೆ ಮುರಿದು ತಿಂಗಳಿಗೆ ಏಳು ಸಾವಿರ, ಏಳೂವರೆ ಸಾವಿರ ಕೈಗೆ ಬರುತ್ತಿತ್ತು. ಮನೆ ಬಾಡಿಗೆ ಅದರಲ್ಲೇ ನಡೆಯುತ್ತಿತ್ತು.

ಈ ತಿಂಗಳ ಎರಡನೇ ತಾರೀಕು ಒಂದು ಮೇಲ್ ಬಂತು. ಅದರ ಭಾಷೆ ಬಹಳ ಸಿಹಿ. ಮಾರಾಟಗಾರರ ಪಯಣವನ್ನು ಇನ್ನಷ್ಟು ಸುಗಮಗೊಳಿಸುವ ಹರ್ಷ ಅದರಲ್ಲಿ ಉಕ್ಕುತ್ತಿತ್ತು. ಹರ್ಷದ ಕೆಳಗೆ ಸಣ್ಣ ಅಕ್ಷರದಲ್ಲಿ ವಿಷಯವಿತ್ತು. ಬರುವ ತಿಂಗಳ ಒಂದರಿಂದ ಪುಕ್ಕಟೆ ಸಿಗುವುದು ನೂರೇ ಪುಟ. ಅದಕ್ಕೆ ಮೇಲಿನ ಪ್ರತಿ ಪುಟಕ್ಕೂ, ಸಾಮಾನು ಮಾರಲಿ ಬಿಡಲಿ, ತಿಂಗಳಿಗೆ ಆರು ರೂಪಾಯಿ.

ಆರು ರೂಪಾಯಿ ಎಂದರೆ ಇವತ್ತು ಅರ್ಧ ಟೀ ಕೂಡ ಬರುವುದಿಲ್ಲ. ಇಷ್ಟಕ್ಕೆ ಗೋಳಾಡುವುದೇ ಎಂದು ಓದುಗರಿಗೆ ಅನ್ನಿಸಬಹುದು. ಲತಾ ಅದಕ್ಕೆ ಎಡದ ಮೊರದಿಂದ ಒಂದು ಮುಚ್ಚಳ ಎತ್ತಿ ತೋರಿಸುತ್ತಾರೆ. ಅದರ ಬೆಲೆ ನೂರಹತ್ತು. ಆ್ಯಪ್‌ನ ಪಾಲು, ಆರ್ಡರಿಗಿಷ್ಟು ಎಂಬ ಶುಲ್ಕ ಎಲ್ಲ ಕಳೆದು ಕೈಗೆ ಬರುವುದು ಅರವತ್ತೇಳು. ಇಂಥದ್ದು ಎರಡು ವರ್ಷಕ್ಕೊಮ್ಮೆ ಮಾರಾಟವಾಗುತ್ತದೆ.

"ಎರಡ್ ವರ್ಷಕ್ಕೆ ತಿಂಗಳಿಗ್ ಆರಂದ್ರೆ ನೂರ ನಲವತ್ನಾಲ್ಕು. ಅರವತ್ತೇಳು ಬರ್ಲಿ ಅಂತ ನೂರ ನಲವತ್ನಾಲ್ಕು ಕಟ್ಟೋದು. ಹೆಂಗಿದೆ ವ್ಯಾಪಾರ?" ಎಂದು ಕೇಳುತ್ತಾರೆ. ನಗುತ್ತಾರೇನೋ ಎಂದುಕೊಂಡರೆ ನಗುವುದಿಲ್ಲ.

ಎಲ್ಲ ಪುಟಗಳನ್ನೂ ಉಳಿಸಿಕೊಂಡರೆ ತಿಂಗಳಿಗೆ ಮೂರು ಸಾವಿರದ ಎಪ್ಪತ್ತೆರಡು ರೂಪಾಯಿ. ಅಂದರೆ ದುಡಿಮೆಯ ಹೆಚ್ಚುಕಡಿಮೆ ಅರ್ಧ. ಅವರ ಮನೆಯ ಕೆಳಗಿನ ಅಂತಸ್ತಿನಲ್ಲಿ ಮೊಬೈಲ್ ಕವರು ಮಾರುವವರಿದ್ದಾರೆ. ಅವರ ಹತ್ತಿರ ಒಂದೇ ಬಣ್ಣದ, ಒಂದೇ ಅಳತೆಯ ಹತ್ತು ಸಾವಿರ ಕವರಿವೆ. ಅದಕ್ಕೆಲ್ಲ ಸೇರಿ ಒಂದೇ ಪುಟ ಸಾಕು. ಲತಾ ಹತ್ತಿರ ಇರುವ ಮುಚ್ಚಳ ಒಂದೇ ಒಂದು. ಅದಕ್ಕೂ ಒಂದು ಪುಟ ಬೇಕು. ಈ ಹೊಸ ನಿಯಮ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ತಿಳಿಯಲು ದೊಡ್ಡ ಬುದ್ಧಿಯೇನೂ ಬೇಡ, ಮೇಲ್ ಬರೆದವರಿಗೂ ಅದು ತಿಳಿದೇ ಇರಬೇಕು.

ಮೇಲ್ ಬಂದ ದಿನ ಲತಾ ಗಾಬರಿಯಾಗಲಿಲ್ಲ. ಕೌಂಟರಿನಲ್ಲಿ ನಿಂತ ಅಭ್ಯಾಸ, ದಾರಿ ಹೊಳೆಯಿತು. ಸರ್ವೀಸ್ ಸೆಂಟರಿನಲ್ಲಿ ನಾಬುಗಳನ್ನೆಲ್ಲ ಒಂದೇ ತಟ್ಟೆಯಲ್ಲಿ ಹಾಕಿ ಗಿರಾಕಿಯ ಮುಂದೆ ಸರಿಸುತ್ತಿದ್ದರು. ಬೇಕಾದ್ದನ್ನು ಅವರೇ ಆರಿಸಿಕೊಳ್ಳುತ್ತಿದ್ದರು. ಇಲ್ಲೂ ಹಾಗೇ ಮಾಡಿದರು. ಹನ್ನೊಂದು ನಾಬುಗಳನ್ನು ಒಂದು ಸ್ಟೀಲ್ ತಟ್ಟೆಯಲ್ಲಿ ಸಾಲಾಗಿಟ್ಟು, ಪಕ್ಕದಲ್ಲಿ ಚೀಟಿಯಲ್ಲಿ ನಂಬರು ಬರೆದು, ಒಂದೇ ಫೋಟೊ ತೆಗೆದರು. ಒಂದೇ ಪುಟ. 'ಯಾವುದು ಬೇಕೋ ಅದರ ನಂಬರು ಬರೆಯಿರಿ' ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಾಕಿದರು. ನಾಲ್ಕು ದಿನದಲ್ಲಿ ಇಂಥ ಹದಿನಾಲ್ಕು ತಟ್ಟೆಗಳಾದವು. ಆರ್ಡರೂ ಬಂದವು, ಯಾರಿಗೂ ಗೊಂದಲವಾಗಲಿಲ್ಲ.

ಐದನೇ ದಿನ ಅಂಗಡಿಯೇ ಮಾಯವಾಯಿತು. ಬೇರೆ ಬೇರೆ ವಸ್ತುಗಳನ್ನು ಒಂದೇ ಪುಟದಲ್ಲಿ ತೋರಿಸುವುದು ಗ್ರಾಹಕರ ದಾರಿ ತಪ್ಪಿಸುವ ಕೃತ್ಯ ಎಂದು ಇನ್ನೊಂದು ಮೇಲ್ ಬಂತು. ಒಂಬತ್ತು ದಿನ ಬೀಗ. ಬೀಗ ಬೀಳುವ ಮೊದಲೇ ಬಂದು, ಆ ಒಂಬತ್ತು ದಿನದಲ್ಲಿ ಕಳಿಸಬೇಕಿದ್ದ ಹನ್ನೆರಡು ಆರ್ಡರುಗಳು ತಾವಾಗಿಯೇ ರದ್ದಾದವು. ರದ್ದಾದದ್ದು ಅಂಗಡಿಯ ತಪ್ಪೆಂದೇ ದಾಖಲಾಯಿತು. ಐದಕ್ಕೆ ನಾಲ್ಕೂಮುಕ್ಕಾಲಿದ್ದ ಅಂಗಡಿಯ ಅಂಕ ನಾಲ್ಕಕ್ಕೆ ಇಳಿಯಿತು. ಅಂಕ ಇಳಿದರೆ, ಯಾರಾದರೂ ಹುಡುಕಿದಾಗ ಆ ಅಂಗಡಿಯ ಸಾಮಾನು ಹಿಂದೆ ಹಿಂದೆ ಹೋಗುತ್ತದೆ.

"ಮೋಸ ಮಾಡಿದೀನಿ ಅಂತ ಬರೆದ್ರು. ಅದನ್ನ ಓದಿ ಎರಡ್ ದಿನ ಊಟ ಸೇರ್ಲಿಲ್ಲ. ತಟ್ಟೇಲಿ ಇಟ್ಟು ತೋರ್ಸೋದು ಮೋಸನಾ?" ಎನ್ನುತ್ತಾರೆ. ಇದನ್ನೇ ಸಹಾಯವಾಣಿಗೆ ಮೂರು ಸಲ ಬರೆದಿದ್ದಾರೆ. ಮೂರು ಸಲವೂ ಒಂದೇ ಉತ್ತರ ಬಂದಿದೆ. ಹೆಚ್ಚು ಮಾರಾಟವಾಗುವ ವಸ್ತುಗಳತ್ತ ಗಮನ ಹರಿಸಬೇಕಂತೆ. ಉತ್ತರದ ಕೊನೆಯಲ್ಲಿ ಒಂದು ನಗುವ ಮುಖದ ಚಿತ್ರವೂ ಇದೆ.

ಆ ವಾರ ಮನೆಯಲ್ಲೂ ಮಾತು ಕೆಟ್ಟಿತು. "ತೂಕಕ್ಕೆ ತಂದಿದ್ದು, ತೂಕಕ್ಕೇ ಹಾಕ್ಬಿಡೇ ಅತ್ಲಾಗೆ" ಎಂದುಬಿಟ್ಟರು ಚಿಕ್ಕಣ್ಣ. ಹೆಂಡತಿಯ ಮುಖ ನೋಡಲಾರದೆ ಬೇಸರದಲ್ಲಿ ಆಡಿದ ಮಾತು ಅದು. ಈಗ ಚಿಕ್ಕಣ್ಣ ದಿನಾ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಬಕೆಟ್ಟನ್ನು ತಾವೇ ತಾರಸಿಗೆ ಹೊತ್ತು ತಂದಿಟ್ಟು ಹೋಗುತ್ತಾರೆ.

ಹೆಚ್ಚು ಮಾರಾಟವಾಗುವುದನ್ನೇ ಇಟ್ಟುಕೊಳ್ಳಿ ಎನ್ನುವ ಸಲಹೆಯಲ್ಲಿ ಒಂದು ತೊಡಕಿದೆ. ಹೆಚ್ಚು ಮಾರಾಟವಾಗುವ ವಾಷರು, ಕಪ್ಲರುಗಳನ್ನು ಇನ್ನೂರು ಜನ ಮಾರುತ್ತಾರೆ. ಅವರಲ್ಲಿ ದೊಡ್ಡವರು ಲತಾ ಅವರಿಗಿಂತ ಹತ್ತು ರೂಪಾಯಿ ಕಡಿಮೆಗೆ ಕೊಡಬಲ್ಲರು. ಲತಾ ಹತ್ತಿರ ಮಾತ್ರ ಇರುವುದು ಯಾವುದೋ ಅದು ಅಪರೂಪಕ್ಕೆ ಮಾರಾಟವಾಗುತ್ತದೆ. ಅದನ್ನು ಹುಡುಕಿಕೊಂಡು ಬಂದವರೇ ಜೊತೆಗೊಂದು ವಾಷರನ್ನೂ ಕೊಳ್ಳುತ್ತಾರೆ. ಅಪರೂಪದ್ದನ್ನು ತೆಗೆದರೆ ಅಂಗಡಿಗೆ ಬರುವ ಕಾರಣವೇ ಇಲ್ಲ, ಇಟ್ಟುಕೊಂಡರೆ ಬಾಡಿಗೆ ಗಿಟ್ಟುವುದಿಲ್ಲ. ಹೀಗೆ ಎರಡೂ ಕಡೆಯಿಂದ ಕಟ್ಟಿಹಾಕಿದ ಸ್ಥಿತಿ ಅವರದು. ಕೊನೆಗೆ ಎಪ್ಪತ್ತು ಪುಟ ಓಡುವ ಸಾಮಾನಿಗೆ, ಮೂವತ್ತು ಪುಟ ಅಪರೂಪದ್ದಕ್ಕೆ ಎಂದು ತೀರ್ಮಾನಿಸಿಕೊಂಡಿದ್ದಾರೆ. ಎಪ್ಪತ್ತನ್ನು ಒಂದೇ ಬೆಳಗ್ಗೆ ಆರಿಸಿ ಮುಗಿಸಿದರು. ಉಳಿದ ಐನೂರಕ್ಕೂ ಮಿಕ್ಕಿದವುಗಳಲ್ಲಿ ಮೂವತ್ತನ್ನು ಆರಿಸಲು ಆರನೇ ದಿನ ನಡೆಯುತ್ತಿದೆ. ತಿಂಗಳು ಮುಗಿಯಲು ಇನ್ನೆರಡು ದಿನವಿದೆ.

ಎಂಟು ಗಂಟೆಗೆ ಶಿವಯೋಗಿ ಬರುತ್ತಾರೆ. ರಾಣೆಬೆನ್ನೂರು ಕಡೆಯವರು, ನಂದಿನಿ ಲೇಔಟಿನಲ್ಲಿ ಮಿಕ್ಸಿ ರಿಪೇರಿ ಅಂಗಡಿ ಇಟ್ಟು ಆರು ವರ್ಷವಾಯಿತು. ನಾಲ್ಕೈದು ಕಿಲೋಮೀಟರ್ ದೂರದಲ್ಲಿದ್ದ ಇವರಿಬ್ಬರಿಗೆ ಪರಿಚಯವಾದದ್ದು ಆ್ಯಪ್‌ನಿಂದಲೇ. ಶಿವಯೋಗಿ ಒಂದು ನಾಬಿಗಾಗಿ ಇಡೀ ಬೆಂಗಳೂರು ಸುತ್ತಿ, ಸಿಗದೆ, ಮೊಬೈಲಿನಲ್ಲಿ ಹುಡುಕಿದರೆ ವಿಳಾಸ ಕಾಮಾಕ್ಷಿಪಾಳ್ಯ ಎಂದಿತ್ತು. ಆ್ಯಪ್ ಮಾಡಿದ ಆ ಉಪಕಾರವನ್ನು ಲತಾ ಮರೆತಿಲ್ಲ. ಆ್ಯಪ್ ಇರದಿದ್ದರೆ ತಮ್ಮ ಸಾಮಾನು ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂದು ಅವರೇ ಹೇಳುತ್ತಾರೆ.

ಶಿವಯೋಗಿ ಎಡದ ಮೊರದ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಒಂದು ಬ್ಲೇಡು ಎತ್ತಿ, "ಇದನ್ಯಾಕ ತಗದೀರಿ ಅಕ್ಕಾರ? ಈ ಮಿಕ್ಸರ್ ನಮ್ಮ ಕಡೆ ಇನ್ನೂ ಅದಾವ್ರಿ" ಎನ್ನುತ್ತಾರೆ.

"ಯಾವ್ದನ್ನ ಎತ್ಕೊಂಡ್ರೂ ಎಲ್ಲೋ ಒಂದ್ ಕಡೆ ಇದ್ದೇ ಇರುತ್ತೆ ಶಿವಯೋಗಿ. ಬದಲಿಗೆ ಯಾವ್ದನ್ನ ತೆಗೀಲಿ ಹೇಳಿ."

ಶಿವಯೋಗಿ ಬಲದ ಮೊರದ ಮೇಲೆ ಕೈ ಆಡಿಸುತ್ತಾರೆ. ಒಂದನ್ನು ಎತ್ತುತ್ತಾರೆ, ಇಡುತ್ತಾರೆ. ಇನ್ನೊಂದನ್ನು ಎತ್ತುತ್ತಾರೆ. "ನನಗೂ ತಿಳೀವಲ್ದು ಬಿಡ್ರಿ" ಎಂದು ಬ್ಲೇಡನ್ನು ಎಡದ ಮೊರದಲ್ಲೇ ಮೆಲ್ಲಗೆ ಇಡುತ್ತಾರೆ. ತಮಗೆ ಬೇಕಾದ ಎರಡು ಕಪ್ಲರು ಕೊಂಡು, ದುಡ್ಡು ಕೊಟ್ಟು, ಟೀಗೂ ನಿಲ್ಲದೆ ಹೊರಡುತ್ತಾರೆ.

ಮಾರನೇ ದಿನ ಬೆಳಗ್ಗೆ ತೊಂಬತ್ತೊಂಬತ್ತು ಪುಟಗಳ ತೀರ್ಮಾನವಾಗಿದೆ. ಇನ್ನು ಒಂದು ಜಾಗ ಉಳಿದಿದೆ, ಎರಡು ವಸ್ತುಗಳಿವೆ. ಒಂದು, ಎಪ್ಪತ್ತನ್ನು ಆರಿಸುವ ಅವಸರದಲ್ಲಿ ಬಿಟ್ಟುಹೋಗಿದ್ದ, ಯಾವ ಜಾರಿಗಾದರೂ ಕೂರುವ ರಬ್ಬರ್ ವಾಷರು, ತಿಂಗಳಿಗೆ ಒಂಬತ್ತು ಹೋಗುತ್ತದೆ. ಇನ್ನೊಂದು, 'ಅನುರೂಪ' ಕಂಪನಿಯ ಮೊದಲ ಮಿಕ್ಸಿಯ ಚಟ್ನಿ ಜಾರಿನ ಮುಚ್ಚಳ. ಲತಾ ಕೆಲಸಕ್ಕೆ ಸೇರುವ ಮೊದಲೇ ಅದರ ತಯಾರಿ ನಿಂತಿತ್ತು. ಪುಟ ಏರಿಸಿ ನಾಲ್ಕು ವರ್ಷವಾದರೂ ಯಾರೂ ಕೇಳಿಲ್ಲ. ಇಡೀ ಆ್ಯಪ್‌ನಲ್ಲಿ ಇದನ್ನು ಇಟ್ಟವರು ಇವರೊಬ್ಬರೇ, ಇವರ ಹತ್ತಿರ ಇರುವುದೂ ಒಂದೇ.

ಲತಾ ಎರಡನ್ನೂ ಎರಡು ಕೈಯಲ್ಲಿ ಹಿಡಿದು ಕೂತಿದ್ದಾರೆ. ಬಾಡಿಗೆ ಕೊಡಬೇಕಾದ ಐದನೇ ತಾರೀಕು ದೂರವಿಲ್ಲ. ಮನಸ್ಸಿಗೆ ಬಂದದ್ದನ್ನು ಇಟ್ಟುಕೊಳ್ಳುವಷ್ಟು ಸ್ಥಿತಿವಂತರು ಅವರಲ್ಲ, ಅದು ಅವರಿಗೆ ಚೆನ್ನಾಗಿ ಗೊತ್ತಿದೆ. ವಾಷರನ್ನು ಬಲಕ್ಕೆ ಹಾಕುತ್ತಾರೆ. ಮೊಬೈಲ್ ತೆಗೆದು ಮುಚ್ಚಳದ ಪುಟ ಹುಡುಕುತ್ತಾರೆ. ಅಳಿಸಬೇಕೆ ಎಂದು ಅದು ಕೇಳುತ್ತದೆ. ಖಚಿತವೇ ಎಂದು ಇನ್ನೊಮ್ಮೆ ಕೇಳುತ್ತದೆ. ಎರಡು ಸಲವೂ ಹೌದು ಎಂದು ಒತ್ತುತ್ತಾರೆ.

ಅಷ್ಟರಲ್ಲಿ ಕೆಲಸಕ್ಕೆ ಹೊರಟ ಚಿಕ್ಕಣ್ಣ ಹೇಳಿಹೋಗಲು ಮೇಲೆ ಬರುತ್ತಾರೆ. ಲತಾ ಗಂಡನ ಮೊಬೈಲ್ ಕೇಳಿ ಇಸಿದುಕೊಂಡು, ಯಾರೋ ಗಿರಾಕಿ ಆ್ಯಪ್‌ನಲ್ಲಿ ಹುಡುಕುವ ಹಾಗೆ, ಆ ಮಿಕ್ಸಿಯ ಹೆಸರು, ಚಟ್ನಿ ಜಾರಿನ ಮುಚ್ಚಳ ಎಂದು ಬರೆಯುತ್ತಾರೆ. ಒಂದು ಚಕ್ರ ತಿರುಗಿ ನಿಲ್ಲುತ್ತದೆ. ಅಂಥ ವಸ್ತು ಯಾರ ಬಳಿಯೂ ಇಲ್ಲ ಎಂದು ಪರದೆ ಹೇಳುತ್ತದೆ. ಕೆಳಗೆ ಹೊಸ ಮಿಕ್ಸಿಗಳ ಸಾಲು ತೋರಿಸುತ್ತದೆ.

ಗಂಡನ ಮೊಬೈಲನ್ನು ಅವರ ಕೈಗೇ ಕೊಡುತ್ತಾರೆ. ಮುಚ್ಚಳ ಇನ್ನೂ ಮಡಿಲಲ್ಲೇ ಇದೆ. ಅದರ ಮೇಲಿನ ದೂಳನ್ನು ಸೆರಗಿನಿಂದ ಒರೆಸುತ್ತ ಲತಾ ಹೇಳುತ್ತಾರೆ:

"ಹದಿನೆಂಟ್ ವರ್ಷ ಕೌಂಟರಲ್ಲಿ ನಿಂತಿದೀನಿ. ಇಲ್ಲದೇ ಇರೋದನ್ನ ಇದೆ ಅಂತ ಯಾರ್ಗೂ ಹೇಳಿಲ್ಲ. ಇಟ್ಕೊಂಡು ಇಲ್ಲ ಅಂತಾನೂ ಹೇಳಿರ್ಲಿಲ್ಲ, ಇವತ್ತಿನ ತನಕ."